ಹೊಟ್ಟೆಗೆ ಹಾಕಿಕೊಂಡದ್ದು

ಕತ್ತಿ ಎತ್ತುವ ಮುಂಚೆ ಅವರಿಗೆ ಮೂರು ಸಹಿ ಬೇಕಿತ್ತು.
ರಕ್ತದ್ದು ಬಂತು, ಹೃದಯದ್ದು ಬಂತು,
ಮನಸ್ಸಿನದೊಂದು ಬಾಕಿ.

ರೆಸೀಫಿಯ ಸರಕಾರಿ ಆಸ್ಪತ್ರೆ, ಮೂರನೇ ಮಹಡಿ.
ಕೈಯಿಲ್ಲದ ಕುರ್ಚಿ, ಯಾರೋ ಯೋಚಿಸಿ ಇಟ್ಟದ್ದು.
ತೊಡೆ ಒತ್ತದೆ ಕೂತೆ.
ಉತ್ತರಗಳನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ:
ಹೌದು ಡಾಕ್ಟರ್, ನಿದ್ದೆ ಚೆನ್ನಾಗಿದೆ.
ಇಲ್ಲ ಡಾಕ್ಟರ್, ಕದ್ದು ತಿನ್ನುವುದಿಲ್ಲ.
ಹೌದು, ಮನೆಯವರೆಲ್ಲ ನನ್ನ ಬೆನ್ನಿಗಿದ್ದಾರೆ.

ಜುಲೇಯ್ದಿ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ.
'ಇರಾಸಿ, ಇಲ್ಲಿಗೆ ಹೇಗೆ ಬಂದಿರಿ?' ಎಂದಳು.

ಹೇಗೆಂದರೆ,
ನಮ್ಮೂರ ಬಸ್ಸಿನ ನಡುವೆ ತಿರುಗುವ ಕಂಬಿಯಿದೆ,
ಕಾಸು ಕೊಟ್ಟವರು ಒಬ್ಬೊಬ್ಬರೇ ತಳ್ಳಿಕೊಂಡು ಆಚೆ ಹೋಗಬೇಕು.
ಮಾರ್ಚಿಯಲ್ಲಿ ನಾನದರಲ್ಲಿ ಸಿಕ್ಕಿಬಿದ್ದೆ.
ಹಿಂದೆ ಇಪ್ಪತ್ತು ಮಂದಿ. ಒಬ್ಬ ಮೊಬೈಲು ಎತ್ತಿದ.
ಅಡುಗೆ ಎಣ್ಣೆ ಇದೆಯಾ ಯಾರ ಹತ್ತಿರವಾದರೂ, ಎಂದ ಕಂಡಕ್ಟರ್.
ನಾನೂ ನಕ್ಕೆ.
ಅಂದಿನಿಂದ ದುಡ್ಡು ಕೊಟ್ಟು, ಕಂಬಿಯನ್ನು ಖಾಲಿ ತಿರುಗಿಸಿ, ಇಳಿದು
ಹಿಂದಿನ ಬಾಗಿಲಿಂದ ಹತ್ತುತ್ತೇನೆ, ಮಳೆಯಲ್ಲೂ.

ಇಷ್ಟು ಹೇಳುವ ಹೊತ್ತಿಗೆ ನಲವತ್ತು ನಿಮಿಷ.
ಸಹಿ ಸಿಗಲಿಲ್ಲ. ಮುಂದಿನ ಮಂಗಳವಾರ, ಎಂದಳು.

ನಾಲ್ಕು ತಿಂಗಳು ಬೈದುಕೊಂಡೇ ಹೋದೆ.
ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಬಡಿಸಿದ ಮೇಲೆ
ರುಚಿ ನೋಡುವುದರಲ್ಲೇ ಅರ್ಧ ಮುಗಿಯಿತೇ ಎಂದಿದ್ದರು ಹೆಡ್‌ಮೇಡಂ.
ಹೊಟ್ಟೆಗೆ ಹಾಕಿಕೊಂಡೆ.
ಫೋಟೋದ ಅಂಚಿನಿಂದ ನನ್ನನ್ನು ಕತ್ತರಿಸಿದ ಜೆನಿವಾಲ್ದು, ಗಂಡ,
ಅದನ್ನೂ ಹೊಟ್ಟೆಗೆ ಹಾಕಿಕೊಂಡೆ.
ತಮ್ಮ ಜೈಲಿಗೆ ಹೋದ ರಾತ್ರಿ ಒಂದು ಪಾತ್ರೆ
ಮೆಕ್ಕೆಜೋಳದ ಕುಸ್ಕುಸ್, ಬೆಣ್ಣೆ ಸಮೇತ, ನಿಂತೇ ತಿಂದೆ.
ಅಳು ಬರಲಿಲ್ಲ. ಜಾಗವಿರಲಿಲ್ಲ.

ಆಮೇಲೆ ಸಹಿ. ಆಮೇಲೆ ಕತ್ತಿ.
ಹೊಟ್ಟೆ ಈಗ ಒಂದು ಬಾಳೆಹಣ್ಣಿನಷ್ಟು.
ಹಾಕಿಕೊಳ್ಳಬೇಕಾದದ್ದು ಮಾತ್ರ ದಿನವೂ ಬರುತ್ತಲೇ ಇತ್ತು.

ನಲವತ್ತೊಂದು ಕಿಲೋ ಇಳಿದೆ. ಕೂದಲು ಉದುರಿತು.
ಎಂದೂ ನೋಡದವರು ನನಗಾಗಿ ಬಾಗಿಲು ಹಿಡಿದು ನಿಂತರು,
ನನಗೆ ಸಿಟ್ಟು ಬಂತು:
ಆ ದಪ್ಪ ಇರಾಸಿಗೂ ಎರಡು ಕೈ ತುಂಬ ಚೀಲಗಳಿದ್ದವಲ್ಲ?
ಜೆನಿವಾಲ್ದು ನನ್ನ ಫೋನು ತಡಕಾಡತೊಡಗಿದ.
ನಡುರಾತ್ರಿ ಫ್ರಿಜ್ಜಿನ ಬಾಗಿಲು ತೆರೆದು ನಿಲ್ಲುತ್ತಿದ್ದೆ,
ಬರೀ ಬೆಳಕಿಗೆ.
ಹಿಂದೆ ಗೇರುಹಣ್ಣಿನ ಸಾರಾಯಿಯ ಸೀಸೆ.
ಅಗಿಯುವುದು ಬೇಡ. ಜಾಗ ಕೇಳುವುದಿಲ್ಲ.

ಸಹಿ ಪಡೆದಾಗಿತ್ತು. ಇನ್ನು ಯಾವ ಮುಖ ಹೊತ್ತು ಮೂರನೇ ಮಹಡಿಗೆ?
ಮೂರು ಮಂಗಳವಾರ ಲಿಫ್ಟಿನ ತನಕ ಹೋಗಿ ಬಂದೆ.
ನಾಲ್ಕನೆಯ ಸಲ ಲಿಫ್ಟಿನೊಳಗೆ ವಾಲ್ದೆಸಿ, ಲಾರಿ ಓಡಿಸುತ್ತಿದ್ದವನು,
ಬಟನ್ನು ಒತ್ತಿಹಿಡಿದುಕೊಂಡೇ, ಮಳೆ ಬರುತ್ತದಾ ಎಂದು ಕೇಳುವಂತೆ:
'ನಿಮ್ಮದು ಕುಡಿತವೋ, ಜೂಜೋ? ನನ್ನದು ಲಾಟರಿ.'

ಎಂಟು ಮಂದಿ, ಕೆಟ್ಟ ಫ್ಯಾನು, ಅವೇ ಕೈಯಿಲ್ಲದ ಕುರ್ಚಿಗಳು.
ಎದ್ಲೆವುಜಾ ಹಳೆಯ ಪ್ಯಾಂಟಿನ ಒಂದೇ ಕಾಲಿಗೆ
ತನ್ನೆರಡೂ ಕಾಲು ತೂರಿಸಿ ನಗಿಸಿದಳು,
ಆಮೇಲೆ ಆ ಪ್ಯಾಂಟಿನಲ್ಲೇ ಮುಖ ಒರೆಸಿಕೊಂಡಳು.
ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ನನಗೆ ಹಿಡಿಸಿತು.

ತುತ್ತಿಗೆ ಮೂವತ್ತು ಸಲ ಅಗಿಯಿರಿ, ಎಂದಿದ್ದರು ಊಟದ ಡಾಕ್ಟರು.
ಆ ದಿನ ನಾನು ಅಗಿದದ್ದು ತಮ್ಮನ ಹೆಸರು.
ಅದೆಯಿಲ್ದು. ಅದೆಯಿಲ್ದು.
'ನುಂಗಲೇಬೇಕು ಎಂದೇನಿಲ್ಲ,' ಎಂದಳು ಜುಲೇಯ್ದಿ.

ಸೀಸೆ ಇನ್ನೂ ಇದೆ. ಕೆಲವು ವಾರ ತುಂಬಿ, ಕೆಲವು ವಾರ ಅಲ್ಲ.

ಈಗ ಕಂಬಿ ಸಲೀಸಾಗಿ ತಿರುಗುತ್ತದೆ.
ನಾನು ಮಾತ್ರ ಇನ್ನೂ ಉಸಿರು ಬಿಗಿಹಿಡಿದು ಅಡ್ಡಡ್ಡ ನಿಲ್ಲುತ್ತೇನೆ.
ನಿನ್ನೆ ಕಂಬಿಯ ಈಚೆ ಒಬ್ಬ ಹುಡುಗಿ,
ಒಂದೂವರೆ ಸೀಟಿನಲ್ಲಿ, ಕಿಟಕಿಗೆ ಮುಖ ಮಾಡಿ.
ನಾನು ಆಚೆ ಹೋಗಲಿಲ್ಲ. ಉಳಿದರ್ಧದಲ್ಲಿ ಕೂತೆ.
ಅವಳು ಗಾಬರಿಯಾಗಿ ಮುದುಡಿಕೊಳ್ಳಲು ನೋಡಿದಳು.
ಬೇಡ, ಎಂದೆ.
ಇಷ್ಟು ಸಾಕು ನನಗೆ.